ಉತ್ತರ ನನ್ನದು, ಹೆಸರು ಅಣ್ಣನದು

ಶಾಯಿಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಜಗಳವಾಡಬೇಕೆನಿಸುತ್ತದೆ.

ಉರಿಗಾಂನ ನಮ್ಮ ಮನೆಯಲ್ಲಿ ಅವತ್ತು ಮಧ್ಯಾಹ್ನ, ಗಣಿ ಕಚೇರಿಯ ಗುಮಾಸ್ತರಾಗಿದ್ದ ಅಪ್ಪ ಇಂಗ್ಲಿಷ್ ಪತ್ರಿಕೆಯ ಪದಬಂಧ ಸ್ಪರ್ಧೆಯ ಚೀಟಿಯನ್ನು ಚಾಪೆಯ ಮೇಲೆ ಹರಡಿದ್ದರು. ಒಂದೇ ಪದ ಉಳಿದಿತ್ತು: ಕತ್ತಲಲ್ಲಿ ಬೆಳಕು ಕೊಡುವುದು, ಏಳು ಚೌಕ, ಎರಡನೆಯದು ಎ, ಕೊನೆಯದು ಎನ್. ಅಣ್ಣ ‘ಕ್ಯಾಂಡಲ್’ ಎಂದ. ಒಂದು ಚೌಕ ಖಾಲಿ ಉಳಿಯುತ್ತಿತ್ತು. ನಾನು ಬೆರಳು ಮಡಿಚಿ ಎಣಿಸಿ ‘ಲ್ಯಾಂಟರ್ನ್’ ಎಂದೆ. ಅಪ್ಪ ನನ್ನ ಬೆನ್ನು ತಟ್ಟಿ, ಚೀಟಿಯ ಕೆಳಗೆ ಅಣ್ಣನ ಹೆಸರು ಬರೆದರು.

“ಪದ ನಂದು, ಹೆಸರು ಅವನ್ದಾ?”

“ಎಣ್ಣುಮಗಳ ಎಸರು ಪೇಪರ್ನಾಗೆ ಅಚ್ಚಾದ್ರೆ ನಾಳೆ ಗಂಡಿನೋರು ಏನಂತಾರೆ ಕಣೇ?” ಎಂದಳು ಅಜ್ಜಿ.

“ಲಗ್ನಪತ್ರಿಕೇಲಿ ಅಚ್ಚಾಕ್ಸಲ್ವಾ? ಊರಿಗೆಲ್ಲ ಹಂಚಲ್ವಾ? ಆಗ ಮರ್ಯಾದೆ ಎಲ್ಲೋಗಿರುತ್ತೆ?”

“ನೋಡವ್ವ, ಲಾಯರಮ್ಮನ್ನ!” ಎಂದು ಅಪ್ಪ ನಕ್ಕರು. ಪೆನ್ನನ್ನು ಅಣ್ಣನ ಕೈಗೆ ಕೊಟ್ಟರು.

ಅವನು ಚೌಕ ತುಂಬುತ್ತ ನಡುವೆ ನಿಂತ. “ಲೇ, ಎನ್ ಆದ್ಮೇಲೆ ಏನೇ?”

ನಾನು ಬಾಯಿ ಬಿಗಿಹಿಡಿದು ಕೂತೆ.

“ಏಳ್ಕೊಡೇ,” ಅಜ್ಜಿ ಗದರಿದಳು. “ಅವನ ಎಸರು ಪೇಪರ್ನಾಗೆ ಬರಬ್ಯಾಡ್ವಾ?”