ಅಣ್ಣನದಕ್ಕಿಂತ ಚಿಕ್ಕದು

“ಬೇಜಾರು ಮಾಡ್ಕೋಬೇಡಿ ಡಾಕ್ಟ್ರೇ, ವರ್ಷ ಬಿಟ್ಟು ಬನ್ನಿ ಅಂದಿದ್ರಿ. ಹೊಟ್ಟೆನೋವು ತಡೀಲಾರ್ದೆ ಆರೇ ತಿಂಗಳಿಗೆ ಬಂದ್ಬಿಟ್ಟೆ,” ಎಂದಳು ಸ್ಕ್ಯಾನ್ ಮಂಚದ ಮೇಲೆ ಮಲಗಿದ್ದ ಶಾಲೆಯ ಆಯಾ.

ಡಾಕ್ಟರು ಪರದೆಯಿಂದ ಕಣ್ಣು ಕೀಳಲಿಲ್ಲ. ಅವಳ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳದ ಉಬ್ಬು ನಾಲ್ಕೂವರೆ ಸೆಂಟಿಮೀಟರಿನಿಂದ ಬೆಳೆದು ಐದನ್ನು ದಾಟಿತ್ತು. ಅವಳ ಅಣ್ಣನಿಗೂ ಇದೇ ಕಾಯಿಲೆ. ಐದೂವರೆ ಆಗುವವರೆಗೆ ಕಾದು ಈ ಡಾಕ್ಟರೇ ಆಪರೇಷನ್ ಮಾಡಿದ್ದರು. ಹೆಂಗಸರಲ್ಲಿ ಅದು ಬೇಗ ಬೆಳೆಯುತ್ತದೆ, ಚಿಕ್ಕದಿರುವಾಗಲೇ ಒಡೆಯಬಹುದು ಎಂದು ಗೊತ್ತಿದ್ದೂ, ಆರು ತಿಂಗಳ ಹಿಂದೆ ಗಡಿಬಿಡಿಯಲ್ಲಿ “ನಿಮ್ಮಣ್ಣಂದಕ್ಕಿಂತ ಚಿಕ್ಕದು, ಹೋಗ್ಬನ್ನಿ” ಎಂದು ನಕ್ಕು ಕಳಿಸಿದ್ದರು.

“ಇವತ್ತೇ ಆಪರೇಷನ್ ಆಗ್ಬೇಕಮ್ಮಾ. ಸದ್ಯ, ಒಡೆಯೋಕೆ ಮುಂಚೆ ಬಂದ್ರಿ.”

“ಅಯ್ಯೋ, ನಾನೇನು ತಪ್ಪು ಮಾಡ್ದೆ?”

ಡಾಕ್ಟರಿಗೆ ತಲೆ ಎತ್ತಲಾಗಲಿಲ್ಲ. “ನೀವಲ್ಲ, ತಪ್ಪು ನಂದು. ಗಂಡಸರ ಲೆಕ್ಕಾನೇ ನಿಮಗೂ ಹಾಕ್ಬಿಟ್ಟೆ,” ಎಂದರು.