ಅಪ್ಪ ಆರಿಸಿದ ಆಕ್ಸಲ್

ಗೇರ್ ಆಯಿಲಿನ ವಾಸನೆ ಬಂದರೆ ಈಗಲೂ ರಾಮನಗರದ ಆ ಗ್ಯಾರೇಜ್ ಶೆಡ್ಡಿನ ಮಧ್ಯಾಹ್ನವೇ ನೆನಪಾಗುತ್ತದೆ.

ತಾತನ ಕಾಲದ ನಮ್ಮ ಕಾರಿನ ಹಿಂದಿನ ಆಕ್ಸಲ್ ಮುರಿದಿತ್ತು. ಗುಜರಿಯಿಂದ ತಂದ ಎರಡು ಆಕ್ಸಲ್‌ಗಳು ನೆಲದ ಮೇಲಿದ್ದವು. ಮೇಸ್ತ್ರಿ ಸೀಮೆಸುಣ್ಣದ ಗುರುತು ಹಾಕಿ ತಿರುಗಿಸಿದರು.

"ಚಕ್ರ ಒಂದ್ಸುತ್ತು ಬರಾಕೆ ಇದ್ರಲ್ಲಿ ಇಂಜಿನ್ ಕಡೆ ಶಾಫ್ಟು ಐದ್ಸುತ್ತು ತಿರುಗ್ಬೇಕು. ನಿಧಾನ, ಆದ್ರೆ ಎಂಥಾ ದಿಣ್ಣೆನೂ ಹತ್ತತದೆ. ಅದು ನಾಲ್ಕು ಸುತ್ತಿಂದು. ಹೈವೇಲಿ ಹಕ್ಕಿ ಹೋದಂಗೆ ಹೋಯ್ತದೆ."

ನಂಬದೆ ನಾನೂ ತಿರುಗಿಸಿ ಎಣಿಸಿದೆ. ನಿಜವೇ ಆಗಿತ್ತು.

ಮೈಸೂರಿನ ತವರಿಗೆ ಹೋದ ಅಮ್ಮ ದೀಪಾವಳಿ ಕಳೆದರೂ ಬಂದಿರಲಿಲ್ಲ.

"ನಾಲ್ಕು ಸುತ್ತಿಂದೇ ಹಾಕ್ಸಪ್ಪ," ಎಂದು ಅಪ್ಪನಿಗೆ ಹೇಳಿದೆ. "ನಮ್ಮೂರಿಗೆ ಹೋಗೋ ಕೂಟಗಲ್ ದಾರೀಲಿ ಇರೋದು ಒಂದು ದಿಣ್ಣೆ. ಅಲ್ಲಿ ನಾನೇ ಇಳ್ದು ತಳ್ತೀನಿ. ಮೈಸೂರಿಗಾದ್ರೆ ಬೆಳಿಗ್ಗೆ ಹೋಗಿ ಸಂಜೆಗೆ ಮೂರು ಜನಾನೂ ಬಂದ್ಬುಡ್ಬೋದು."

"ಮಗಳನ್ನ ಹೆತ್ತಿದ್ದೀಯೋ ಲಾಯರ್‌ನ ಹೆತ್ತಿದ್ದೀಯೋ?" ಎಂದು ಮೇಸ್ತ್ರಿ ನಕ್ಕರು.

ಅಪ್ಪ ನಗಲಿಲ್ಲ. ಬೆರಳಿಗಂಟಿದ ಗ್ರೀಸನ್ನು ಬನಿಯನ್ ಬಟ್ಟೆಗೆ ಒರೆಸಿಕೊಂಡರು.

"ಐದು ಸುತ್ತಿಂದ್ನೇ ಕಟ್ಟಣ್ಣ. ದೂರಕ್ಕೆಲ್ಲ ನಾವು ಹೋಗಾಕಿಲ್ಲ."

ನನ್ನಲ್ಲಿ ಇನ್ನೂ ವಾದ ಉಳಿದಿತ್ತು. ಅಪ್ಪನ ಮುಖ ನೋಡಿದೆ. ಮೇಸ್ತ್ರಿ ಕೈ ಚಾಚಿದಾಗ ಸ್ಪ್ಯಾನರ್ ಎತ್ತಿಕೊಟ್ಟೆ.