ಅಳತೆಗೆ ನಿಂತವರು

"ಈ ಫೋಟೋದಲ್ಲಿರೋನ್ನ ಅಳತೆಗೆ ನಿಲ್ಸಿರೋದು ಕಣಮ್ಮ, ಕಂಬ ಎಷ್ಟೆತ್ತರ ಐತೆ ಅಂತ ತೋರ್ಸಕ್ಕೆ," ಎಂದು ಗುಡಿಯ ಧರ್ಮಕರ್ತ ನಕ್ಕ. "ಕೆಳ್ಗೆ ತೆಗ್ದವನ ಪೇರೇ ಬರ್ದಿಲ್ಲ. ಇದೊಂದು ಸಾಕ್ಷಿನಾ?"

ಪಾಪಮ್ಮ ಧರ್ಮಪುರಿಯಲ್ಲಿ ಪ್ರಿಂಟ್ ಹಾಕಿಸಿ ತಂದಿದ್ದ ಬ್ರಿಟಿಷರ ಕಾಲದ ಚಿತ್ರ ಅದು. ಇದೇ ಗುಡಿ, ಇದೇ ಮಂಟಪ. ಒಳಗೆ ಕಂಬಕ್ಕೊರಗಿ ಒಬ್ಬ ನಿಂತಿದ್ದ. ಅವನ ತಲೆಯ ಮೇಲೆ ಅವಳ ಮಂದಿ ಕುರಿ ಕಾಯುವಾಗ ಹಾಕಿಕೊಳ್ಳುವಂಥದೇ ಕಂಬಳಿಕೊಪ್ಪೆ. ಕುರಿಯವರು ಯಾವ ಕಾಲದಲ್ಲೂ ಮಂಟಪ ಹತ್ತಿದವರಲ್ಲ ಎಂದು ಅವರನ್ನು ಇಷ್ಟು ದಿನ ಅಂಗಳದಲ್ಲೇ ತಡೆದವನು ಈ ಧರ್ಮಕರ್ತನೇ.

ಅವಳು ಚಪ್ಪಲಿ ಕಳಚಿ, ಹೆಗಲ ಕಂಬಳಿಯನ್ನು ತಲೆಗೆ ಕೊಪ್ಪೆ ಹಾಕಿಕೊಂಡು, ಮೆಟ್ಟಿಲು ಹತ್ತಿ ಅದೇ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು.

"ಕಂಬ ಬೆಳ್ದೈತಾ ನೋಡಾನ. ನಾನೂ ಅಳತೆಗೇ ನಿಂತಿವ್ನಿ. ತೆಗಿಯಪ್ಪಾ ನಿನ್ ಸೆಲ್ಲಲ್ಲಿ ಫೋಟೋ. ಈ ಸಲ ನಿಂತವಳ ಪೇರೂ ಬರ್ಕೋ: ಪಾಪಮ್ಮ."